ಬಾಕಿ

ಬೆಳಿಗ್ಗೆ ಏಳೂವರೆಗೆ ನನ್ನ ಕೈಗೆ ಕೊಟ್ಟದ್ದು ಇಷ್ಟು:
ಕಾಲು ಅಲ್ಲಾಡುವ ಒಂದು ಪ್ಲಾಸ್ಟಿಕ್ ಕುರ್ಚಿ,
ನೇರಳೆ ಶಾಯಿಯ ಶೀಶೆ,
ಎ ಇಂದ ಜಿ ತನಕದ ಹೆಸರುಗಳ ಪಟ್ಟಿ.
ಸರೋವರದ ಕಡೆಯಿಂದ ಗಾಳಿ. ಹಾಳೆ ಹಾರದಂತೆ
ಮೇಲೊಂದು ಕಲ್ಲು ನಾನೇ ಹುಡುಕಿ ಇಟ್ಟುಕೊಂಡೆ.

ಮೇಡಂ ಮ್ವೆಂಡೆ ಹೇಳಿದರು:
ಹೆಸರಿದ್ದವರಿಗೆ ಚೀಟಿ ಕೊಡು.
ಗೆರೆ ಬಿದ್ದವರ ಜೊತೆ ವಾದ ಬೇಡ.
ಗೆರೆ ತಾನಾಗಿ ಬೀಳುತ್ತದೆಯೆ, ಮಳೆ ಬಿದ್ದ ಹಾಗೆ?
ಕೇಳಲಿಲ್ಲ. ಫೀಸು ಉಳಿಸಿಕೊಂಡವರ ಹೆಸರಿನ ಮೇಲೆ
ಅಕೌಂಟ್ಸಿನವರು ಸ್ಕೇಲಿಟ್ಟು ಎಳೆದಿದ್ದರು,
ಕೆಂಪಗೆ, ಎಷ್ಟು ಅಚ್ಚುಕಟ್ಟಾಗಿ!
ನನ್ನ ಹಾಳೆಗಳಲ್ಲೇ ನಲವತ್ತೇಳು.

ಹತ್ತು ಗಂಟೆಗೆ ಸಾಲಿನಲ್ಲಿ ಅಪೊಂಡಿ ಬಂದಳು.
ಒಂದೇ ಕೋಣೆ ನಮ್ಮದು, ಒಂದೇ ಸೀಮೆಎಣ್ಣೆ ಸ್ಟವ್ವು.
ನಾನು ಪುಟ ತಿರುವಿದೆ, ಗೊತ್ತಿಲ್ಲದವಳ ಹಾಗೆ.

ಅವಳ ಬಾಕಿ ನನಗೆ ಬಾಯಿಪಾಠ:
ಸಾವಿರದ ಇನ್ನೂರ ನಲವತ್ತು ಶಿಲ್ಲಿಂಗು.
ಅದರಲ್ಲಿ ಆರುನೂರು
ಲೈಬ್ರರಿಯ ಪುಸ್ತಕವೊಂದು ಒದ್ದೆಯಾದ ದಂಡ.
ಒದ್ದೆಯಾದದ್ದು ನನ್ನ ಚಹಾದಿಂದ.

ಅವಳು ರಸೀದಿ ತೆಗೆದಳು, ಮಡಿಸಿ ಮಡಿಸಿ ಮೆತ್ತಗಾದದ್ದು.
ನೋಡು, ಸಂಘದ ಚಂದಾ ಇನ್ನೂರು,
ಸೇರಿದ ದಿನವೇ ಮುರಿದುಕೊಂಡಿದ್ದಾರೆ.
ನನ್ನ ದುಡ್ಡಲ್ಲಿ ಮೈಕು, ನನ್ನ ದುಡ್ಡಲ್ಲಿ ಈ ಪೆಟ್ಟಿಗೆ,
ನೀನು ಕೂತ ಕುರ್ಚಿಯ ಒಂದು ಕಾಲಾದರೂ ನನ್ನದು.
(ಅಲ್ಲಾಡುವ ಕಾಲೇ ಇರಬೇಕು.)
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇವಳದು ತಲೆಕೆಳಗು:
ಲೆಕ್ಕದಲ್ಲಿ ಗಟ್ಟಿಯಾಗಿ ಇದ್ದಾಳೆ, ಕಾಸು ಬಿಡದೆ.
ಆಟಕ್ಕಿಲ್ಲ.

ಮರದಡಿ ಸಿಮಿಯುವಿನ ಹುಡುಗರು ಕಾಯುತ್ತಿದ್ದರು.
ತಂಗೀ, ಎಷ್ಟು ಬಾಕಿ? ಫೋನಿನಲ್ಲೇ ಕಟ್ಟುತ್ತೇವೆ,
ಐದು ನಿಮಿಷದಲ್ಲಿ ಗೆರೆ ಮಾಯ.
ಆಮೇಲೆ ನಿನಗೇ ಗೊತ್ತು ಯಾರಿಗೆ ಅಂತ.
ಅಪೊಂಡಿ ನಕ್ಕಳು. ಅವಳಮ್ಮ ದಡದಲ್ಲಿ ಮೀನು ತೂಗುವವಳು.
ತಕ್ಕಡಿಗೆ ಬೆರಳು ಕೊಡುವವರನ್ನು
ಉಗುರು ನೋಡಿಯೇ ಹೇಳಬಲ್ಲೆ, ಎಂದಳು.
ಮೂವರು ಹುಡುಗಿಯರು ಕಟ್ಟಿಸಿಕೊಂಡರು.
ಅವರನ್ನು ಬೈಯಲು ನನಗೆ ಬಾಯಿಲ್ಲ.
ಅವರ ಬೆರಳಿಗೂ ನಾನೇ ಶಾಯಿ ಹಚ್ಚಿದೆ.

ಸಂಜೆ ಎಣಿಕೆ. ಏಳರ ಹೊತ್ತಿಗೆ ಕರೆಂಟು ಹೋಯಿತು.
ಕತ್ತಲಲ್ಲಿ ಪೆಟ್ಟಿಗೆಗಳು ಮೊಲೆ ಬಿಟ್ಟ ಕರುಗಳಂತೆ
ಮಿಸುಕಿದವು ಎಂದು ಅನ್ನಿಸಿತು. ಎಲ್ಲರಿಗೂ ಎಲ್ಲರ ಮೇಲೂ ಗುಮಾನಿ.
ಕುರ್ಚಿ ಸರಿದ ಸದ್ದು. ಯಾರದೋ ಕೆಮ್ಮು.
ಯಾರೂ ಅಲ್ಲಾಡಬೇಡಿ! ಎಂದು ಮೇಡಂ.
ಆಗ ಕಿಟಕಿಯ ಸರಳಿನ ನಡುವಿನಿಂದ
ಒಂದು ಫೋನಿನ ಬೆಳಕು, ನೇರ ಪೆಟ್ಟಿಗೆಗಳ ಮೇಲೆ.
ಬೆಳಗಿನಿಂದ ಅಲ್ಲೇ ನಿಂತಿದ್ದಳಂತೆ,
ಹೋಗೆಂದರೂ ಹೋಗದೆ.

ನಮ್ಮ ಸ್ವಾಹಿಲಿಯಲ್ಲಿ ಬಾಕಿ ಅಂದರೆ ಉಳಿ, ಇರು, ಹೋಗಬೇಡ.
ಬಾಕಿ ಹಾಪಾ, ಇಲ್ಲೇ ಇರು
ಎನ್ನುತ್ತೇವೆ ಮಕ್ಕಳಿಗೆ, ರಸ್ತೆ ದಾಟುವ ಮುಂಚೆ.

ನಲವತ್ತು ನಿಮಿಷ ಅವಳು ಕೈ ಇಳಿಸಲಿಲ್ಲ.
ನಡುವೆ ಒಮ್ಮೆ ಕೈ ಬದಲಿಸಿದಳು ಅಷ್ಟೆ.
ಆ ಬೆಳಕಿನಲ್ಲಿ ನಾವು ಎಣಿಸಿದೆವು,
ಅವಳದೊಂದು ಬಿಟ್ಟು ಉಳಿದೆಲ್ಲ ಮತಗಳನ್ನು.

ಸಿಮಿಯು ಗೆದ್ದ. ಅಂತರ ಹತ್ತೊಂಬತ್ತು.
ಮೇಡಂ ವರದಿಯಲ್ಲಿ ಬರೆದರು: ಶಾಂತಿಯುತ.
ನಾನು ಸಹಿ ಹಾಕಿದೆ. ಮೊದಲು
ಟೀಕೆ ಎಂಬ ಖಾಲಿ ಕಾಲಮ್ಮಿನಲ್ಲಿ ಬರೆದೆ: ನಲವತ್ತೇಳು.
ಏನಿದು, ಎಂದರು. ನನ್ನ ಹಾಳೆಯ ಬಾಕಿ, ಎಂದೆ.
ಅವರು ಅದನ್ನು ಹೊಡೆದು ಹಾಕಲಿಲ್ಲ,
ಹಾಗಂತ ಓದಲೂ ಇಲ್ಲ.

ರಾತ್ರಿ ಸ್ಟವ್ವು ಹಚ್ಚುತ್ತ ಕೇಳಿದೆ:
ಹಾಕಿದ್ದರೆ ಯಾರಿಗೆ ಹಾಕುತ್ತಿದ್ದೆಯೇ?
ಗುಪ್ತ ಮತದಾನ ಕಣೇ, ಎಂದಳು ಅಪೊಂಡಿ.
ಆಮೇಲೆ ನನ್ನ ಕೈಯಿಂದ ಚಹಾದ ಲೋಟ ತೆಗೆದು
ಪುಸ್ತಕಗಳಿಂದ ದೂರ, ನೆಲದ ಮೇಲೆ ಇಟ್ಟಳು.